ಇಂದಿನ ಊಟ

ಮಂಡ್ಯದ ಗುತ್ತಲು ರಸ್ತೆ, ಶೀಟಿನ ಮಾಡು.
ಗಾಳಿ ಈ ಕಡೆ ತಿರುಗಿದರೆ ಸಕ್ಕರೆ ಕಾರ್ಖಾನೆಯ ಮಡ್ಡಿವಾಸನೆ,
ಆ ಕಡೆ ತಿರುಗಿದರೆ ನಾಲೆಯ ಕೆಸರು.
ನಡುವೆ ನಾವು, ಅರವತ್ತೆರಡು ಮಕ್ಕಳು,
ಅರವತ್ತೆರಡು ತಟ್ಟೆ,
ತಟ್ಟೆಯ ಬೆನ್ನಿಗೆ ಮೊಳೆಯಲ್ಲಿ ಕೊರೆದ ನಂಬರು.
ನನ್ನದು ನಲವತ್ತೊಂದು.

ಹುಟ್ಟಿದ ದಿನ ಮಾತ್ರ ಎಲ್ಲರದೂ ಜೂನ್ ಒಂದು.
ರಿಜಿಸ್ಟರಿನಲ್ಲಿ ಹಾಗೇ ಹುಟ್ಟಿದೆವು ನಾವು,
ಒಂದೇ ಬೆಳಿಗ್ಗೆ, ಒಂದೇ ಪೆನ್ನಿನಿಂದ.

ಕಬ್ಬು ಕಡಿಯುವ ಗುಂಪಿನ ಜೊತೆ
ಬಳ್ಳಾರಿ ಸೀಮೆಯಿಂದ ಬಂದವಳು ನಾನು.
ಅವ್ವ ನನ್ನ ಕೈಯನ್ನು ಅಮ್ಮಣ್ಣಿ ಮಿಸ್ಸಿನ ಕೈಗಿಡುವ ಮೊದಲು
ತನ್ನ ಅಂಗೈಯ ಸುಂಕನ್ನು
ಸೀರೆಗೆ ಒರೆಸಿ ಒರೆಸಿ ನೋಡಿದಳು.
ಲಾರಿ ಹಾರನ್ ಹೊಡೆಯುತ್ತಲೇ ಇತ್ತು.

ಊಟದ ಮನೆಯ ಬಾಗಿಲಲ್ಲೊಂದು ಕರಿಹಲಗೆ.
ಮೇಲೆ ಬಿಳಿಯ ಬಣ್ಣದಲ್ಲಿ, ಅಳಿಸಲಾಗದ ಹಾಗೆ: ಇಂದಿನ ಊಟ.
ಕೆಳಗೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಹೆಸರು.
ಅಕ್ಷರ ದುಂಡಗಿದೆ ಎಂದು
ನಾಲ್ಕನೇ ಕ್ಲಾಸಿಗೆ ಹಲಗೆ ನನ್ನ ಪಾಲಿಗೆ ಬಂತು.
ಕ್ಷ ಕಲಿತದ್ದು ಲಕ್ಷ್ಮೀದೇವಮ್ಮನವರಿಂದ,
ಜ್ಞ ಕಲಿತದ್ದು ನಿವೃತ್ತ ಓವರ್‌ಸಿಯರ್ ಯಜ್ಞನಾರಾಯಣರಿಂದ.
ಅರ್ಕಾವತ್ತು ದಿನವೂ ಬೇಕಿತ್ತು,
'ಸ್ಮರಣಾರ್ಥ'ದ ಬಾಲಕ್ಕೆ.

ತಿಥಿಗೆ ವಡೆ, ಪಾಯಸ. ಮದುವೆಯ ದಿನಕ್ಕೆ ಘೀ ರೈಸು.
ಹುಟ್ಟುಹಬ್ಬವಾದರೆ ಕೇಕು. ಕಾರಿನಿಂದಿಳಿದ ಮಗು
ಅಮ್ಮನ ದುಪಟ್ಟಾದ ಮರೆಯಿಂದ ನಮ್ಮನ್ನು ನೋಡುವುದು,
ನಾವು ಅದರ ಹೆಸರನ್ನು ಬೆಳಿಗ್ಗೆಯೇ ಬಾಯಿಪಾಠ ಮಾಡಿದ್ದು
ಚಪ್ಪಾಳೆಯ ಜೊತೆ ಒಪ್ಪಿಸುವುದು.
ಫೋಟೋ ಆಗುವ ತನಕ ತುತ್ತು ಎತ್ತಬಾರದು.
ಅಷ್ಟು ಹೊತ್ತಿಗೆ ಪಾಯಸ ಕೆನೆ ಕಟ್ಟಿರುತ್ತಿತ್ತು.
ಒಳ್ಳೆಯವರೇ ಅವರೆಲ್ಲ. ಒಬ್ಬ ಅಜ್ಜ
ಬಡಿಸುತ್ತಾ ಬಡಿಸುತ್ತಾ ಅತ್ತುಬಿಟ್ಟ.
ಏನು ಮಾಡಬೇಕೋ ತಿಳಿಯದೆ ನಾವು
ಎರಡನೇ ಸಲವೂ ಹಾಕಿಸಿಕೊಂಡೆವು.

ದೊಡ್ಡ ಊಟ ಹಾಕಿಸುವ ಹೆಸರುಗಳ ಮುಂದೆಲ್ಲ 'ದಿ.' ಇರುತ್ತಿತ್ತು.
ಶ್ರೀಗಿಂತ ಬರೆಯಲು ಸುಲಭ, ತೂಕ ಮಾತ್ರ ಹೆಚ್ಚು.
'ಡಾ.' ಇದ್ದ ಹಾಗೆ,
ಓದಿ ಗಳಿಸುವಂಥದ್ದು ಎಂದುಕೊಂಡಿದ್ದೆ.

ಆಷಾಢದ ಒಂದು ಮಂಗಳವಾರ ಯಾರೂ ಇರಲಿಲ್ಲ.
ಹುಟ್ಟಿದವರಿಲ್ಲ, ಮದುವೆಯಾದವರಿಲ್ಲ,
ಇಡೀ ಜಿಲ್ಲೆಯಲ್ಲಿ ಯಾರೂ ನೆನಪಾಗದ ಒಂದು ದಿನ.
ಒಲೆಯ ಮೇಲೆ ಹುರುಳಿಕಾಳಿನ ಬಸ್ಸಾರು, ಮುದ್ದೆ.
ಖಾಲಿ ಹಲಗೆ ನೋಡಲಾಗಲಿಲ್ಲ ನನಗೆ.
ಬರೆದೆ, ದುಂಡಗೆ, ಒಂದು ಒತ್ತೂ ತಪ್ಪದೆ:

ದಿ. ಹೊನ್ನೂರವ್ವ,
ಕಬ್ಬು ಕಡಿಯುವವರು,
ಇವರ ಸ್ಮರಣಾರ್ಥ.

ಅಮ್ಮಣ್ಣಿ ಮಿಸ್ಸು ಓದಿದರು.
ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ಓದಿದರು.
"ಯಾವಾಗ?" ಎಂದರು ನನ್ನ ಭುಜ ಹಿಡಿದು,
"ಯಾರು ಹೇಳಿದರು ನಿನಗೆ?"
"ಯಾರೂ ಹೇಳಲಿಲ್ಲ ಮಿಸ್. ನಾನೇ ಕೊಟ್ಟೆ."
ನನ್ನ ಮುಖವನ್ನು ಸುಮಾರು ಹೊತ್ತು ನೋಡಿದರು,
ಅಕ್ಕಿಯಲ್ಲಿ ಕಲ್ಲು ಹುಡುಕುವಾಗಿನ ಹಾಗೆ.
ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ಸೋಕಿಸಿ
'ದಿ.' ಅಷ್ಟನ್ನೇ ಉಜ್ಜಿದರು.
ಸೆರಗಿನ ಚುಂಗಿನಿಂದ 'ಸ್ಮರಣಾರ್ಥ'ವನ್ನು.
"ಮಿಕ್ಕಿದ್ದು ಇರಲಿ, ಗಂಟೆ ಹೊಡಿ" ಎಂದರು.

ಅವತ್ತು ಅರವತ್ತೆರಡು ಬಾಯಿ
ನನ್ನ ಅವ್ವನ ಹೆಸರಲ್ಲಿ ಮುದ್ದೆ ನುಂಗಿತು.
ಫೋಟೋ ಇರಲಿಲ್ಲ. ಬಿಸಿಬಿಸಿಯಾಗಿ ತಿಂದೆವು.
ಅಡುಗೆಯ ಸಣ್ಣಮ್ಮ ಓದಲು ಬಾರದವಳು,
"ಯಾರದವ್ವಾ ಇವತ್ತು?" ಎಂದು ಕೇಳಿ
ನನಗೊಂದು ಹಪ್ಪಳ ಜಾಸ್ತಿ ಹಾಕಿದಳು.

ಮುಂದಿನ ಹಂಗಾಮಿಗೆ ಅವ್ವ ಬಂದಳು.
ಕಾಲು ಮಣ್ಣಾಗಿದೆ ಎಂದು ಗೇಟಿನಾಚೆಯೇ ನಿಂತಳು.
ಹೇಳಿದೆ, ಹಲಗೆ, ಹೆಸರು, ಮುದ್ದೆ ಎಲ್ಲಾ.
'ದಿ.' ಒಂದನ್ನು ಬಿಟ್ಟೆ.
ಅಷ್ಟರಲ್ಲಿ ನಾನು ಐದನೇ ಕ್ಲಾಸು, ಗೊತ್ತಾಗಿತ್ತು.
ಅವ್ವ ಕಂಬಿಯ ಸಂದಿಯಿಂದ ಕೈ ತೂರಿಸಿ
ನನ್ನ ಬೆರಳಿನ ಸುಣ್ಣ ಒರೆಸುತ್ತಾ
ತಡವಾಗಿ ಕೇಳಿದ್ದು ಇಷ್ಟೇ:

"ಎಲ್ಲಾರ್ಗೂ ಸಾಲ್ತೇನು?"